ಪಿತ್ತಕೋಶದ ಶಸ್ತ್ರಚಿಕಿತ್ಸೆ: ಮುನ್ನ ಮತ್ತು ಅನಂತರ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕನ್ನಡ ಸಂಘದ ವಾರ್ಷಿಕೋತ್ಸವವೆಂದರೆ ಸಾಹಿತ್ಯ, ಶಾಲೆ, ನುಡಿಯ ಹಕ್ಕು ಮುಂತಾದವುಗಳನ್ನು ಕುರಿತು ಭಾಷಣಗಳು ನಡೆಯುವುದು ವಾಡಿಕೆ. ಅಂಥ ವೇದಿಕೆಯ ಮೇಲೆ ನಿಂತು ಹೊಟ್ಟೆಯೊಳಗಿನ ಒಂದು ಸಣ್ಣ ಚೀಲವನ್ನು ಕುರಿತು ಮಾತನಾಡುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಈ ಸಲ ಆರೋಗ್ಯದ ವಿಷಯವಾಗಿಯೂ ನಾಲ್ಕು ಮಾತುಗಳಿರಲೆಂದು ಕಾರ್ಯಕರ್ತರು ಅಪೇಕ್ಷಿಸಿದಾಗ, ವೈದ್ಯವೃತ್ತಿಯಲ್ಲಿರುವ ನಾವು ಬೇಕೆಂದೇ ಈ ವಿಷಯವನ್ನು ಆರಿಸಿಕೊಂಡೆವು. ಪಿತ್ತಕೋಶದಲ್ಲಿ ಕಲ್ಲು, ಅದಕ್ಕಾಗಿ ಶಸ್ತ್ರಚಿಕಿತ್ಸೆ, ಇವು ಈಗ ನಮ್ಮ ಮನೆಗಳಲ್ಲಿ ಅಪರೂಪದ ಮಾತುಗಳಲ್ಲ. ಇಲ್ಲಿ ಕುಳಿತಿರುವವರಲ್ಲಿ ಹಲವರ ತಾಯಿಗೋ ಅತ್ತೆಗೋ ಅಕ್ಕನಿಗೋ ಈ ಚಿಕಿತ್ಸೆ ಆಗಿರಬಹುದು, ಇಲ್ಲವೆ ಆಗಬೇಕೆಂದು ವೈದ್ಯರು ಹೇಳಿರಬಹುದು.

ನಾವು ಹೇಳಬೇಕೆಂದಿರುವ ಮುಖ್ಯ ಮಾತು ಒಂದೇ. ಈ ಶಸ್ತ್ರಚಿಕಿತ್ಸೆಯಲ್ಲಿ ಶಸ್ತ್ರವೈದ್ಯರ ಕೆಲಸವು ಸಾಮಾನ್ಯವಾಗಿ ಒಂದು ಗಂಟೆಯಷ್ಟು ಕಾಲದ್ದು. ಅದಕ್ಕೆ ಮುಂಚಿನ ಸಿದ್ಧತೆ ಹಾಗೂ ಅನಂತರದ ಚೇತರಿಕೆ ವಾರಗಳ ಕೆಲಸ, ಮತ್ತು ಅದರಲ್ಲಿ ಬಹುಪಾಲು ರೋಗಿಯ ಮತ್ತು ಮನೆಯವರ ಕೈಯಲ್ಲಿದೆ. ಆ ಕೆಲಸವನ್ನು ಮನೆಯವರು ಸರಿಯಾಗಿ ಮಾಡಬೇಕಾದರೆ ಅವರಿಗೆ ವಿಷಯ ತಿಳಿದಿರಬೇಕು. ತಿಳಿದಿರಬೇಕಾದರೆ ಅದನ್ನು ತಮಗೆ ಅರ್ಥವಾಗುವ ನುಡಿಯಲ್ಲಿ ಕೇಳಿರಬೇಕು. ನುಡಿಯ ಹಕ್ಕಿಗಾಗಿ ಶ್ರಮಿಸುವ ಸಂಘಕ್ಕೂ ನಮ್ಮ ವಿಷಯಕ್ಕೂ ಇರುವ ನಂಟು ಇದೇ.

ಮೊದಲು ಹೆಸರಿನ ಗೊಂದಲವನ್ನು ನಿವಾರಿಸಿಕೊಳ್ಳೋಣ. ಪಿತ್ತಕೋಶವೆಂಬ ಮಾತನ್ನು ಕೆಲವರು ಯಕೃತ್ತಿಗೂ ಬಳಸುವುದುಂಟು. ಎರಡೂ ಒಂದಲ್ಲ. ಯಕೃತ್ತು ಬಲಗಡೆಯ ಪಕ್ಕೆಲುಬುಗಳ ಮರೆಯಲ್ಲಿರುವ ದೊಡ್ಡ ಅಂಗ. ಅದಿಲ್ಲದೆ ಮನುಷ್ಯ ಬದುಕಲಾರ. ಪಿತ್ತಕೋಶವು ಅದರ ಕೆಳಮೈಗೆ ಅಂಟಿಕೊಂಡಂತಿರುವ, 7ರಿಂದ 10 ಸೆಂಟಿಮೀಟರ್ ಉದ್ದದ, ಚಿಕ್ಕ ಬದನೆಕಾಯಿಯ ಆಕಾರದ ಚೀಲ. ಯಕೃತ್ತು ದಿನವೊಂದಕ್ಕೆ ಅರ್ಧದಿಂದ ಒಂದು ಲೀಟರಿನವರೆಗೆ ಪಿತ್ತರಸವನ್ನು ತಯಾರಿಸುತ್ತದೆ. ಚೀಲದಲ್ಲಿ ಹಿಡಿಯುವುದು 30ರಿಂದ 50 ಮಿಲಿಲೀಟರ್ ಮಾತ್ರ. ಆದರೆ ಅಲ್ಲಿ ರಸವು ನೀರಿನಂಶವನ್ನು ಕಳೆದುಕೊಂಡು ಗಟ್ಟಿಯಾಗಿ ನಿಲ್ಲುತ್ತದೆ. ನಾವು ಎಣ್ಣೆ, ತುಪ್ಪ, ತೆಂಗಿನಕಾಯಿಗಳಿಂದ ಕೂಡಿದ ಊಟ ಮಾಡಿದಾಗ ಚೀಲವು ಕುಗ್ಗಿ, ಆ ರಸವನ್ನು ನಾಳದ ಮೂಲಕ ಸಣ್ಣ ಕರುಳಿಗೆ ಹರಿಸುತ್ತದೆ. ಜಿಡ್ಡನ್ನು ಜೀರ್ಣಿಸಲು ಈ ರಸವು ಅವಶ್ಯ.

ನಮ್ಮ ಕಾಸರಗೋಡಿನ ಗುಡ್ಡಗಳ ಸುರಂಗಗಳನ್ನು ನೀವೆಲ್ಲರೂ ಬಲ್ಲಿರಿ. ಸುರಂಗದಿಂದ ನೀರು ಹಗಲಿರುಳು ಎಳೆಯಾಗಿ ಹರಿದುಬರುತ್ತದೆ. ಅದರ ಬಾಯಲ್ಲಿ ತೊಟ್ಟಿ ಕಟ್ಟಿ ನೀರು ತುಂಬಿಸಿಟ್ಟು, ಬೇಕಾದಾಗ ಅಡಕೆ ತೋಟಕ್ಕೆ ಬಿಡುತ್ತೇವೆ. ಯಕೃತ್ತು ಸುರಂಗವಿದ್ದಂತೆ, ಪಿತ್ತಕೋಶವು ತೊಟ್ಟಿಯಿದ್ದಂತೆ. ತೊಟ್ಟಿಯನ್ನು ತೆಗೆದುಹಾಕಿದರೂ ಸುರಂಗದ ನೀರು ನಿಲ್ಲುವುದಿಲ್ಲ. ಎಳೆಯಾಗಿ ನೇರವಾಗಿ ತೋಟಕ್ಕೆ ಹರಿಯುತ್ತದೆ. ಪಿತ್ತಕೋಶವಿಲ್ಲದೆ ಹೇಗೆ ಬದುಕುವುದೆಂದು ಅಂಜುವವರಿಗೆ ನಮ್ಮ ಉತ್ತರ ಇದೇ.

ಈ ತೊಟ್ಟಿಯಲ್ಲಿ ನಿಂತ ರಸದ ಘಟಕಗಳ ಪ್ರಮಾಣ ತಪ್ಪಿದಾಗ ಕೊಬ್ಬಿನ ಅಂಶವಾದ ಕೊಲೆಸ್ಟರಾಲ್ ಅಥವಾ ಬಣ್ಣದ ಅಂಶ ಹರಳುಗಟ್ಟಿ ಕಲ್ಲಾಗುತ್ತದೆ. ಮರಳಿನ ಕಣದಷ್ಟು ಸಣ್ಣವೂ ಇರುತ್ತವೆ, ನೆಲ್ಲಿಕಾಯಿಯಷ್ಟು ದೊಡ್ಡವೂ ಇರುತ್ತವೆ. ಗಂಡಸರಿಗಿಂತ ಹೆಂಗಸರಲ್ಲಿ, ಅದರಲ್ಲಿಯೂ ಹಲವು ಮಕ್ಕಳನ್ನು ಹೆತ್ತವರಲ್ಲಿ, ಮೈ ತುಂಬಿದವರಲ್ಲಿ, ಸಕ್ಕರೆ ಕಾಯಿಲೆಯುಳ್ಳವರಲ್ಲಿ, ಹಟದಿಂದ ಉಪವಾಸ ಮಾಡಿ ಥಟ್ಟನೆ ತೂಕ ಇಳಿಸಿಕೊಂಡವರಲ್ಲಿ ಇದು ಹೆಚ್ಚು. ಆದರೆ ಕಲ್ಲಿರುವವರಿಗೆಲ್ಲ ಶಸ್ತ್ರಚಿಕಿತ್ಸೆ ಬೇಕೆಂದಲ್ಲ. ಬೇರಾವುದೋ ಕಾರಣಕ್ಕೆ ಸ್ಕ್ಯಾನಿಂಗ್ ಮಾಡಿಸಿದಾಗ ಕಲ್ಲು ಕಂಡುಬಂದವರಲ್ಲಿ ಹೆಚ್ಚಿನವರಿಗೆ ಅದರಿಂದ ಜೀವಮಾನದಲ್ಲಿ ಯಾವ ತೊಂದರೆಯೂ ಆಗುವುದಿಲ್ಲ. ನೋವು ಕೊಡದ ಕಲ್ಲನ್ನು ಸಾಮಾನ್ಯವಾಗಿ ಅದರ ಪಾಡಿಗೆ ಬಿಡುವುದೇ ಪದ್ಧತಿ. ನೋವು ಕೊಡತೊಡಗಿದ ಕಲ್ಲಿನ ಕಥೆ ಬೇರೆ. ಒಮ್ಮೆ ನೋಯಿಸಿದ್ದು ಮತ್ತೆ ನೋಯಿಸುವ ಸಂಭವವೇ ಹೆಚ್ಚು.

ಆ ನೋವಿನ ಸ್ವರೂಪವನ್ನು ತಿಳಿದಿರಬೇಕು. ಎದೆಗುಂಡಿಗೆಯ ಕೆಳಗೆ ಅಥವಾ ಬಲಪಕ್ಕೆಯ ಅಡಿಯಲ್ಲಿ, ಹೆಚ್ಚಾಗಿ ಮದುವೆ ಮುಂಜಿಗಳ ಭಾರಿ ಊಟದ ಬಳಿಕ, ಅನೇಕ ವೇಳೆ ರಾತ್ರಿಯಲ್ಲಿ, ಹಿಂಡಿದಂಥ ನೋವು ತೊಡಗುತ್ತದೆ. ಅರ್ಧ ಗಂಟೆಯಿಂದ ಕೆಲವು ಗಂಟೆಗಳವರೆಗೆ ನಿಲ್ಲುತ್ತದೆ, ಬೆನ್ನಿಗೆ, ಬಲಭುಜದ ಎಲುಬಿನ ಕಡೆಗೆ ಹರಿಯುತ್ತದೆ, ವಾಂತಿಯಾಗುವುದೂ ಉಂಟು. ನಮ್ಮಲ್ಲಿ ಇದಕ್ಕೆಲ್ಲ ‘ವಾಯು’ ಎಂಬ ಒಂದೇ ಹೆಸರು. ಜೀರಿಗೆ ಕಷಾಯ ಕುಡಿಯುತ್ತಾರೆ, ನೋವು ತಾನಾಗಿ ಇಳಿಯುತ್ತದೆ, ಕಷಾಯಕ್ಕೆ ಕೀರ್ತಿ ಬರುತ್ತದೆ. ಹೀಗೆ ವರ್ಷಗಳು ಕಳೆಯುತ್ತವೆ. ಇನ್ನೊಂದು ಎಚ್ಚರ: ಹೃದಯಾಘಾತದ ನೋವೂ ಕೆಲವೊಮ್ಮೆ ಎದೆಗುಂಡಿಗೆಯ ಕೆಳಗೇ ಕಾಣಿಸಿಕೊಳ್ಳುತ್ತದೆ. ಆದುದರಿಂದ ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಇಂಥ ನೋವು ಬಂದಾಗ ಮನೆಯಲ್ಲಿಯೇ ನಿರ್ಣಯ ಮಾಡಿಕೊಳ್ಳತಕ್ಕದ್ದಲ್ಲ.

ನೋವಿನ ವಿಷಯದಲ್ಲಿಯೇ ನುಡಿಯ ಬೆಲೆ ಮೊದಲು ತಿಳಿಯುವುದು. ಹಿಂಡಿದಂತೆ, ಇರಿದಂತೆ, ಕೊರೆದಂತೆ, ಉರಿದಂತೆ, ಕಲ್ಲಿಟ್ಟಂತೆ, ಇವು ಐದು ಬೇರೆ ಬೇರೆ ನೋವುಗಳು. ವೈದ್ಯನಿಗೆ ಇವುಗಳ ಭೇದವು ಅರ್ಧ ರೋಗನಿರ್ಣಯಕ್ಕೆ ಸಮ. ಅಜ್ಜಿಯೊಬ್ಬರು ಐದು ನಿಮಿಷ ವಿವರಿಸಿದ್ದನ್ನು ಜೊತೆಗೆ ಬಂದ ಮೊಮ್ಮಗನು ಮಲೆಯಾಳದಲ್ಲೋ ಇಂಗ್ಲಿಷಿನಲ್ಲೋ ‘ಹೊಟ್ಟೆನೋವು’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟರೆ, ಆಕೆಯ ಅನುಭವವೆಲ್ಲ ಬಾಗಿಲ ಹೊರಗೆ ಉಳಿದಂತೆ. ಜೊತೆಗೆ ಹೋಗುವವರು ಸಂಕ್ಷೇಪಿಸಬಾರದು. ಹೇಳಿದುದನ್ನು ಹೇಳಿದಂತೆಯೇ ದಾಟಿಸಬೇಕು.

ನಾಟಿ ಮದ್ದಿನಿಂದ ಕಲ್ಲು ಕರಗುವುದಿಲ್ಲವೆ ಎಂದು ಕೇಳುವವರಿದ್ದಾರೆ. ಮೂತ್ರಪಿಂಡದ ಕಲ್ಲಿಗೂ ಪಿತ್ತಕೋಶದ ಕಲ್ಲಿಗೂ ಭೇದ ತಿಳಿಯದೆ ಹುಟ್ಟುವ ಪ್ರಶ್ನೆ ಇದು. ಮೂತ್ರಪಿಂಡದ ಸಣ್ಣ ಕಲ್ಲು ಧಾರಾಳವಾಗಿ ನೀರು ಕುಡಿದಾಗ ಮೂತ್ರದೊಡನೆ ಹೊರಬೀಳಬಹುದು. ಪಿತ್ತಕೋಶದ ಕಲ್ಲಿಗೆ ಆ ದಾರಿ ಇಲ್ಲ. ಅದು ಚೀಲದಿಂದ ಜಾರಿದರೆ ಕಿರಿದಾದ ಪಿತ್ತನಾಳದಲ್ಲಿ ಸಿಕ್ಕಿಕೊಂಡು ಕಾಮಾಲೆಗೂ ಚಳಿಜ್ವರಕ್ಕೂ ಕಾರಣವಾಗುತ್ತದೆ. ಮೇದೋಜೀರಕ ಗ್ರಂಥಿಯ ನಾಳಕ್ಕೆ ಅಡ್ಡವಾದರೆ ಆ ಗ್ರಂಥಿಯು ಊದಿಕೊಂಡು ಪ್ರಾಣಕ್ಕೇ ಅಪಾಯ. ಎಣ್ಣೆಯನ್ನೂ ಹಣ್ಣಿನ ರಸವನ್ನೂ ಕುಡಿಸಿ ಹಸಿರು ಗುಳಿಗೆಗಳಂಥವನ್ನು ಮಲದಲ್ಲಿ ತೋರಿಸಿ ‘ಕಲ್ಲು ಬಿದ್ದಿತು’ ಎನ್ನುವವರುಂಟು. ಅವು ಕಲ್ಲುಗಳಲ್ಲ, ಹೊಟ್ಟೆಯಲ್ಲಿ ಎಣ್ಣೆಯೇ ಸಾಬೂನಿನಂತೆ ಗಟ್ಟಿಯಾದ ಉಂಡೆಗಳು.

ಕಲ್ಲನ್ನು ಮಾತ್ರ ತೆಗೆದು ಚೀಲವನ್ನು ಉಳಿಸಬಾರದೆ ಎಂಬುದು ಮತ್ತೊಂದು ಪ್ರಶ್ನೆ. ಇದಕ್ಕೆ ಚರಿತ್ರೆಯೇ ಉತ್ತರ ಕೊಟ್ಟಿದೆ. 1867ರಲ್ಲಿ ಅಮೆರಿಕದ ಜಾನ್ ಬಾಬ್ಸ್ ಎಂಬ ವೈದ್ಯರು ಪಿತ್ತಕೋಶವನ್ನು ಕೊಯ್ದು ಕಲ್ಲುಗಳನ್ನು ತೆಗೆದು ಚೀಲವನ್ನು ಉಳಿಸಿದರು. ಆದರೆ ಹೀಗೆ ಉಳಿಸಿದ ಚೀಲದಲ್ಲಿ ಕಲ್ಲು ಮತ್ತೆ ಹುಟ್ಟುತ್ತದೆ. 1882ರ ಜುಲೈ 15ರಂದು ಬರ್ಲಿನ್ ನಗರದಲ್ಲಿ ಕಾರ್ಲ್ ಲಾಂಗೆನ್‌ಬುಖ್ ಎಂಬ ಶಸ್ತ್ರವೈದ್ಯರು ಚೀಲವನ್ನೇ ಸಂಪೂರ್ಣವಾಗಿ ತೆಗೆದರು, ರೋಗಿ ಗುಣಹೊಂದಿದನು. ಕಲ್ಲಿದೆಯೆಂದಲ್ಲ, ಕಲ್ಲನ್ನು ಹುಟ್ಟಿಸುತ್ತದೆಯೆಂದು ಚೀಲವನ್ನು ತೆಗೆಯಬೇಕೆಂಬುದು ಅವರ ವಾದ. ಮುಂದಿನ ನೂರು ವರ್ಷ ಹೊಟ್ಟೆಯನ್ನು ದೊಡ್ಡದಾಗಿ ಕೊಯ್ದೇ ಈ ಕೆಲಸ ನಡೆಯಿತು. 1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ, 1987ರಲ್ಲಿ ಫ್ರಾನ್ಸಿನ ಫಿಲಿಪ್ ಮೂರೆ ಅವರು ಸಣ್ಣ ರಂಧ್ರಗಳ ಮೂಲಕ ನಳಿಗೆಗಳನ್ನು ಇಳಿಸಿ ಚೀಲವನ್ನು ತೆಗೆದರು. ನಮ್ಮ ದೇಶದಲ್ಲಿ 1990ರಲ್ಲಿ ಮುಂಬಯಿಯ ಡಾಕ್ಟರ್ ತೆಹೆಮ್ಟನ್ ಉದ್ವಾಡಿಯಾ ಅವರು ಈ ಕ್ರಮವನ್ನು ಆರಂಭಿಸಿದರು. ಇಂದು ಜಿಲ್ಲಾ ಕೇಂದ್ರಗಳ ಆಸ್ಪತ್ರೆಗಳಲ್ಲಿಯೂ ಇದು ನಡೆಯುತ್ತಿದೆ.

ಶಸ್ತ್ರಚಿಕಿತ್ಸೆ ಬೇಕೆಂದು ನಿರ್ಧಾರವಾದ ಮೇಲೆ ಅದನ್ನು ಅನಗತ್ಯವಾಗಿ ಮುಂದೂಡಬಾರದು. ಮಗಳ ಮದುವೆ ಮುಗಿಯಲಿ, ಅಡಕೆ ಕೊಯ್ಲು ಮುಗಿಯಲಿ, ಆಟಿ ತಿಂಗಳು ಕಳೆಯಲಿ ಎಂದು ತಳ್ಳುತ್ತ ಹೋದರೆ ಒಂದು ರಾತ್ರಿ ಚೀಲವು ಕೀವುಗೊಂಡು, ಜ್ವರದೊಡನೆ, ಅವಸರದಲ್ಲಿ ಓಡಬೇಕಾಗುತ್ತದೆ. ಊದಿಕೊಂಡ ಚೀಲದ ಮೇಲಿನ ಕೆಲಸವು ಶಾಂತವಾಗಿರುವ ಚೀಲದ ಮೇಲಿನ ಕೆಲಸಕ್ಕಿಂತ ಕಷ್ಟತರ. ಹಾಗೆ ಊತ ಬಂದಾಗ ಹಿಂದೆ ಆರು ವಾರ ಕಾದು ಬಳಿಕ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಈಗ ರೋಗಿಯ ಸ್ಥಿತಿ ತಕ್ಕುದಾಗಿದ್ದರೆ ಮೊದಲ ಕೆಲವು ದಿನಗಳಲ್ಲಿಯೇ ಮಾಡುವುದು ಮೇಲೆಂದು ಕಂಡುಕೊಂಡಿದ್ದಾರೆ.

ಗಡಿಯವರಾದ ನಮಗೆ ಇದರಲ್ಲಿ ಇನ್ನೊಂದು ಪಾಠವೂ ಉಂಟು. 1956ರ ನವೆಂಬರ್ 1ರಂದು ರಾಜ್ಯಗಳ ಗೆರೆ ಬದಲಾಯಿತು. ಕಾಯಿಲೆಯಾದಾಗ ಮಂಗಳೂರಿಗೆ ಹೋಗುವ ನಮ್ಮ ಅಭ್ಯಾಸ ಬದಲಾಗಲಿಲ್ಲ. 2020ರ ಮಾರ್ಚ್ ತಿಂಗಳಲ್ಲಿ ಕೋವಿಡ್ ರೋಗದ ಕಾಲದಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ನಮ್ಮ ಕಡೆಯ ರೋಗಿಗಳು ಎಂಥ ಸಂಕಟಕ್ಕೊಳಗಾದರು, ವಿಷಯವು ನ್ಯಾಯಾಲಯಗಳವರೆಗೆ ಹೇಗೆ ಹೋಯಿತೆಂಬುದನ್ನು ಯಾರೂ ಮರೆತಿಲ್ಲ. ರಸ್ತೆ ಯಾವಾಗಲೂ ತೆರೆದಿರುತ್ತದೆಂಬ ನಂಬಿಕೆಯ ಮೇಲೆ ಚಿಕಿತ್ಸೆಯನ್ನು ಮುಂದೂಡುವುದು ವಿವೇಕವಲ್ಲ. ಅಂತೆಯೇ ಗಡಿಯಾಚೆಯ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವವರು, ಬಳಿಕ ತುರ್ತು ಬಂದರೆ ಗಡಿಯೀಚೆ ಹತ್ತಿರದಲ್ಲಿ ಯಾವ ಆಸ್ಪತ್ರೆಗೆ ಹೋಗಬಹುದೆಂಬುದನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು. ಒಂದು ರಾಜ್ಯದಲ್ಲಿ ಪಡೆದ ಆರೋಗ್ಯ ವಿಮೆಯ ಕಾರ್ಡು ಇನ್ನೊಂದು ರಾಜ್ಯದ ಆ ಆಸ್ಪತ್ರೆಯಲ್ಲಿ ಸಲ್ಲುವುದೇ ಎಂಬುದನ್ನೂ ಮುಂಚಿತವಾಗಿ ವಿಚಾರಿಸಿರಬೇಕು. ಹಾಸಿಗೆ ಸೇರಿದ ಮೇಲಲ್ಲ.

ಇನ್ನು ಸಿದ್ಧತೆಯ ವಿಷಯ. ಶಸ್ತ್ರಚಿಕಿತ್ಸೆಗೆ ಮುಂಚೆ ರಕ್ತ ಪರೀಕ್ಷೆ, ಯಕೃತ್ತಿನ ಕೆಲಸದ ಪರೀಕ್ಷೆ, ಸಕ್ಕರೆ, ಹೃದಯದ ಇ.ಸಿ.ಜಿ. ಮುಂತಾದವುಗಳನ್ನು ಮಾಡಿಸುತ್ತಾರೆ. ನಾಳದಲ್ಲಿಯೂ ಕಲ್ಲಿರಬಹುದೆಂಬ ಸಂದೇಹವಿದ್ದರೆ ಬೇರೆ ಬಗೆಯ ಸ್ಕ್ಯಾನಿಂಗ್ ಬೇಕಾಗುತ್ತದೆ. ಆ ಕಲ್ಲನ್ನು ಬಾಯಿಯ ಮೂಲಕ ನಳಿಗೆ ಇಳಿಸಿ ಮೊದಲೇ ತೆಗೆಯುವುದೂ ಉಂಟು. ಇವೆಲ್ಲ ವೈದ್ಯರ ಕೆಲಸ. ಮನೆಯವರ ಕೆಲಸವೆಂದರೆ ಒಂದು ಹಾಳೆಯ ಮೇಲೆ, ಕನ್ನಡದಲ್ಲಿಯೇ ಆಗಲಿ, ಕೆಲವು ಸಂಗತಿಗಳನ್ನು ಬರೆದುಕೊಂಡು ಹೋಗುವುದು: ರೋಗಿ ನಿತ್ಯ ಸೇವಿಸುವ ಔಷಧಗಳು, ಹಿಂದೆ ಆದ ಶಸ್ತ್ರಚಿಕಿತ್ಸೆಗಳು, ಯಾವ ಔಷಧದಿಂದ ಮೈಮೇಲೆ ದದ್ದು ಎದ್ದಿತ್ತು, ಉಬ್ಬಸವುಂಟೆ, ಮನೆತನದಲ್ಲಿ ಯಾರಿಗಾದರೂ ಅರಿವಳಿಕೆಯಿಂದ ತೊಂದರೆಯಾಗಿತ್ತೆ. ಮಾತ್ರೆಗಳ ಹೆಸರು ತಿಳಿಯದಿದ್ದರೆ ಅವುಗಳ ಪಟ್ಟಿಗಳನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿರಿ. ಆಯುರ್ವೇದದ ಮದ್ದು, ನಾಟಿ ಮದ್ದುಗಳನ್ನೂ ಮರೆಮಾಚದೆ ಹೇಳಬೇಕು. ಅವುಗಳಲ್ಲಿ ಕೆಲವು ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತವೆ. ಆಸ್ಪಿರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್ ಮುಂತಾದ ರಕ್ತ ತೆಳುವಾಗಿಸುವ ಮಾತ್ರೆಗಳನ್ನು ತಾವಾಗಿ ನಿಲ್ಲಿಸಲೂಬಾರದು, ಹೇಳದೆ ಮುಂದುವರಿಸಲೂಬಾರದು. ಹೃದಯದ ರೋಗಿಯು ಅದನ್ನು ತಾನಾಗಿ ನಿಲ್ಲಿಸಿದರೆ ಹೃದಯಕ್ಕೆ ಅಪಾಯ; ಹೇಳದೆ ಮುಂದುವರಿಸಿದರೆ ರಕ್ತಸ್ರಾವದ ಅಪಾಯ. ಸಕ್ಕರೆ ಕಾಯಿಲೆಯ ಮಾತ್ರೆ ಮತ್ತು ಇನ್ಸುಲಿನ್‌ಗಳಿಗೂ ಉಪವಾಸದ ದಿನ ಬೇರೆ ಲೆಕ್ಕ. ಯಾವುದನ್ನು ಬಿಡಬೇಕು, ಯಾವುದನ್ನು ಒಂದು ಗುಟುಕು ನೀರಿನೊಡನೆ ನುಂಗಬೇಕು ಎಂಬುದನ್ನು ಕೇಳಿ ಬರೆದುಕೊಳ್ಳಬೇಕು.

ಬೀಡಿ ಸಿಗರೇಟು ಸೇದುವವರು ಕನಿಷ್ಠ ನಾಲ್ಕು ವಾರ ಮುಂಚೆ ಬಿಟ್ಟರೆ ಶ್ವಾಸಕೋಶಗಳೂ ಗಾಯವೂ ಅದಕ್ಕೆ ತಕ್ಕ ಫಲ ಕೊಡುತ್ತವೆ. ಕವಳದ ಹೊಗೆಸೊಪ್ಪಿಗೂ ಇದೇ ಮಾತು. ಮದ್ಯಪಾನದ ಅಭ್ಯಾಸವಿದ್ದರೆ ಅದನ್ನು ವೈದ್ಯರಿಂದ ಮುಚ್ಚಿಡಬಾರದು. ಪ್ರತಿದಿನ ಕುಡಿಯುವವನು ಆಸ್ಪತ್ರೆಯಲ್ಲಿ ಥಟ್ಟನೆ ನಿಲ್ಲಿಸಿದಾಗ ಉಂಟಾಗುವ ನಡುಕ, ಭ್ರಾಂತಿಗಳಿಗೆ ವೈದ್ಯರು ಸಿದ್ಧರಾಗಿರಬೇಕಾಗುತ್ತದೆ.

ಈಗ ಒಪ್ಪಿಗೆ ಪತ್ರದ ಮಾತು. ಶಸ್ತ್ರಚಿಕಿತ್ಸೆಗೆ ಮುಂಚೆ ರೋಗಿಯ ಸಹಿ ಪಡೆಯುವುದು ಬರಿಯ ಕಟ್ಟಳೆಯಲ್ಲ. ಏನು ಮಾಡುತ್ತಾರೆ, ಏಕೆ ಮಾಡುತ್ತಾರೆ, ಮಾಡದಿದ್ದರೆ ಏನಾಗಬಹುದು, ಮಾಡುವುದರಲ್ಲಿ ಏನು ಅಪಾಯವಿದೆ ಎಂಬ ನಾಲ್ಕು ಮಾತುಗಳನ್ನು ರೋಗಿಯು ತಿಳಿದು ಒಪ್ಪಿದ್ದಾಳೆಂಬುದಕ್ಕೆ ಆ ಸಹಿ ಸಾಕ್ಷಿ. ಕನ್ನಡ ಶಾಲೆಯಲ್ಲಿ ಓದಿದ ನಮ್ಮ ತಾಯಂದಿರ ಮುಂದೆ ಮಲೆಯಾಳದ ಪತ್ರವೋ ಇಂಗ್ಲಿಷಿನ ಪತ್ರವೋ ಬರುತ್ತದೆ. ಓದು ಬಲ್ಲವರೇ ಆದರೂ ಆ ಕ್ಷಣಕ್ಕೆ ನಿರಕ್ಷರಿಗಳಂತೆ ತೋರಿಸಿದಲ್ಲಿ ಸಹಿ ಹಾಕುತ್ತಾರೆ. ಇದು ಆಗಬಾರದು. ‘ಇದನ್ನು ನಮಗೆ ಕನ್ನಡದಲ್ಲಿ ವಿವರಿಸಿರಿ’ ಎಂದು ಕೇಳುವುದು ಅವಿನಯವಲ್ಲ. ಆಸ್ಪತ್ರೆಯ ದಾದಿಯರಲ್ಲಿ, ವೈದ್ಯರಲ್ಲಿ ಕನ್ನಡವನ್ನೋ ತುಳುವನ್ನೋ ಬಲ್ಲವರು ಒಬ್ಬರಾದರೂ ಸಿಗುವುದು ನಮ್ಮ ಕಡೆ ಕಷ್ಟವಲ್ಲ. ವಿವರಣೆ ಕೇಳಿದ ಮೇಲೆ ರೋಗಿಯೇ ತನ್ನ ಮಾತಿನಲ್ಲಿ ಅದನ್ನು ಒಮ್ಮೆ ತಿರುಗಿ ಹೇಳಲಿ. ತಿಳಿದಿದೆಯೋ ಇಲ್ಲವೋ ಎಂಬುದಕ್ಕೆ ಇದಕ್ಕಿಂತ ಉತ್ತಮ ಪರೀಕ್ಷೆ ಬೇರೆ ಇಲ್ಲ.

ಆ ಪತ್ರದಲ್ಲಿ ಒಂದು ಮಾತು ಇದ್ದೇ ಇರುತ್ತದೆ: ಅವಶ್ಯಬಿದ್ದರೆ ರಂಧ್ರದ ಕ್ರಮವನ್ನು ಬಿಟ್ಟು ಹೊಟ್ಟೆಯನ್ನು ಕೊಯ್ದು ಕೆಲಸ ಮುಗಿಸಬಹುದೆಂದು. ಒಳಗಿನ ಊತದಿಂದಲೋ ಹಳೆಯ ಅಂಟುಗಳಿಂದಲೋ ನಾಳಗಳು ಸ್ಪಷ್ಟವಾಗಿ ಕಾಣದಿದ್ದಾಗ ಬಲ್ಲ ಶಸ್ತ್ರವೈದ್ಯರು ಹಾಗೆ ಮಾಡುತ್ತಾರೆ. ಅದು ಸೋಲಲ್ಲ, ಎಚ್ಚರಿಕೆ. ಈ ಚಿಕಿತ್ಸೆಯಲ್ಲಿ ಎಲ್ಲರೂ ಅಂಜುವ ತೊಡಕೆಂದರೆ ಮುಖ್ಯ ಪಿತ್ತನಾಳಕ್ಕೆ ಪೆಟ್ಟಾಗುವುದು. ಅದು ಸಾವಿರಕ್ಕೆ ಮೂರರಿಂದ ಐದು ಮಂದಿಯಲ್ಲಿ ಸಂಭವಿಸಬಹುದು, ವಿರಳವಾದರೂ ಇಲ್ಲವೆನ್ನುವಂತಿಲ್ಲ. ‘ಕೊಯ್ಯುವುದಿಲ್ಲವೆಂದು ಹೇಳಿ ಕೊಯ್ದರು’ ಎಂದು ಬಳಿಕ ಕೋಪಿಸಿಕೊಳ್ಳುವುದಕ್ಕಿಂತ ಮೊದಲೇ ಈ ಸಂಗತಿಗಳನ್ನು ಕೇಳಿ ತಿಳಿದಿರುವುದು ಲೇಸು.

ಹಿಂದಿನ ರಾತ್ರಿ ಲಘುವಾದ ಊಟ ಮಾಡಿ ಚೆನ್ನಾಗಿ ನಿದ್ರಿಸಬೇಕು. ಉಪವಾಸದ ನಿಯಮವನ್ನು ಚಾಚೂ ತಪ್ಪದೆ ಪಾಲಿಸಬೇಕು. ಸಾಮಾನ್ಯವಾಗಿ ಆರು ಗಂಟೆ ಮುಂಚಿನಿಂದ ಆಹಾರವಿಲ್ಲ, ಜಿಡ್ಡಿನ ಊಟವಾದರೆ ಎಂಟು ಗಂಟೆ. ಬರಿಯ ನೀರನ್ನು ಎರಡು ಗಂಟೆ ಮುಂಚಿನವರೆಗೆ ಕೊಡುವುದುಂಟು. ನಿಮ್ಮ ವೈದ್ಯರು ಬೇರೆ ಹೇಳಿದರೆ ಅವರ ಮಾತೇ ಪ್ರಮಾಣ. ಇಲ್ಲಿ ನಮ್ಮವರು ಎಡವುವುದು ಎರಡು ಕಡೆ. ಹಾಲು ಹಾಕಿದ ಕಾಫಿ ಆಹಾರಕ್ಕೆ ಸಮ, ನೀರಿಗೆ ಸಮವಲ್ಲ. ಗಂಜಿಯ ತಿಳಿಯೂ ಹಾಗೆಯೇ. ‘ಪಾಪ, ಹಸಿದಿದ್ದಾಳೆ, ಒಂದು ಲೋಟ ಗಂಜಿತಿಳಿ ಕುಡಿಯಲಿ’ ಎಂಬ ಕರುಣೆ, ಅರಿವಳಿಕೆಯಲ್ಲಿರುವಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ, ಪ್ರಾಣಕ್ಕೆ ಎರವಾಗುತ್ತದೆ.

ಬಳೆ, ಉಂಗುರ, ಮೂಗುಬೊಟ್ಟು, ಕರಿಮಣಿಗಳನ್ನು ತೆಗೆದಿಡಬೇಕು. ಕರಿಮಣಿಯನ್ನು ತೆಗೆಯುವುದಕ್ಕೆ ಹಲವರು ಹಿಂಜರಿಯುತ್ತಾರೆ. ರಕ್ತವನ್ನು ನಿಲ್ಲಿಸಲು ವಿದ್ಯುತ್ ಉಪಕರಣವನ್ನು ಬಳಸುವುದರಿಂದ ಲೋಹವಿದ್ದಲ್ಲಿ ಚರ್ಮ ಸುಡುವ ಸಂಭವವಿದೆ, ಅಷ್ಟೇ ಕಾರಣ. ಮನೆಯವರ ಕೈಯಲ್ಲಿ ಜೋಪಾನವಾಗಿಟ್ಟು ಎಚ್ಚರವಾದ ಮೇಲೆ ಧರಿಸಬಹುದು. ಕಟ್ಟಿಸಿದ ಹಲ್ಲು, ಉಗುರಿನ ಬಣ್ಣಗಳನ್ನೂ ತೆಗೆಯಬೇಕು. ಸ್ನಾನ ಮಾಡಿ ಹೊಕ್ಕುಳನ್ನು ಸ್ವಚ್ಛವಾಗಿರಿಸಿಕೊಳ್ಳಬೇಕು. ಹೊಟ್ಟೆಯ ಮೇಲಿನ ಕೂದಲನ್ನು ಮನೆಯಲ್ಲಿ ಕ್ಷೌರದ ಕತ್ತಿಯಿಂದ ತೆಗೆಯಕೂಡದು; ಅದರಿಂದಾಗುವ ಸಣ್ಣ ಗೀರುಗಳಲ್ಲಿಯೇ ರೋಗಾಣುಗಳು ನೆಲೆಸುತ್ತವೆ.

ಶಸ್ತ್ರಚಿಕಿತ್ಸೆಯ ಕ್ರಮವನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಪೂರ್ಣ ಅರಿವಳಿಕೆ ಕೊಟ್ಟು, ಹೊಟ್ಟೆಯಲ್ಲಿ ಸಾಮಾನ್ಯವಾಗಿ ನಾಲ್ಕು ಕಡೆ ಅರ್ಧದಿಂದ ಒಂದು ಸೆಂಟಿಮೀಟರಿನಷ್ಟು ರಂಧ್ರ ಮಾಡಿ, ಇಂಗಾಲದ ಡೈಆಕ್ಸೈಡ್ ಅನಿಲವನ್ನು ತುಂಬಿ ಒಳಗೆ ಜಾಗ ಮಾಡಿಕೊಳ್ಳುತ್ತಾರೆ. ಒಂದು ರಂಧ್ರದಲ್ಲಿ ಕ್ಯಾಮರಾ, ಉಳಿದವುಗಳಲ್ಲಿ ಉಪಕರಣಗಳು. ಚೀಲದ ನಾಳಕ್ಕೂ ರಕ್ತನಾಳಕ್ಕೂ ಕ್ಲಿಪ್ ಹಾಕಿ ಕತ್ತರಿಸಿ, ಚೀಲವನ್ನು ಯಕೃತ್ತಿನಿಂದ ಬಿಡಿಸಿ ಹೊರತೆಗೆಯುತ್ತಾರೆ.

ಎಚ್ಚರವಾದ ರೋಗಿಯು ಹೊಟ್ಟೆಗಿಂತ ಭುಜ ನೋಯುತ್ತದೆಂದು ಹೇಳಿದರೆ ಮನೆಯವರು ಗಾಬರಿಯಾಗುತ್ತಾರೆ. ತುಂಬಿದ್ದ ಅನಿಲವು ವಪೆಯನ್ನು ಕೆರಳಿಸಿರುತ್ತದೆ. ವಪೆಯ ನರಕ್ಕೂ ಭುಜದ ನರಕ್ಕೂ ಕುತ್ತಿಗೆಯಲ್ಲಿ ಸಂಬಂಧವಿರುವುದರಿಂದ ನೋವು ಭುಜದಲ್ಲಿ ತೋರುತ್ತದೆ. ಎರಡು ಮೂರು ದಿನಗಳಲ್ಲಿ ತಾನಾಗಿ ಹೋಗುತ್ತದೆ. ಅಂದು ಸಂಜೆಯೇ ಎಬ್ಬಿಸಿ ನಡೆಸುತ್ತಾರೆ. ‘ಈಗತಾನೆ ಕೊಯ್ದವಳನ್ನು ನಡೆಸುವುದೆ?’ ಎಂದು ತಡೆಯಬೇಡಿರಿ. ಕಾಲಿನ ರಕ್ತ ಹೆಪ್ಪುಗಟ್ಟದಿರಲೂ ಶ್ವಾಸಕೋಶದಲ್ಲಿ ಕಫ ನಿಲ್ಲದಿರಲೂ ಕರುಳು ಚಲಿಸಲೂ ನಡಿಗೆಯೇ ಮದ್ದು. ಗಂಟೆಗೆ ಕೆಲವು ಸಲ ದೀರ್ಘವಾಗಿ ಉಸಿರೆಳೆಯಬೇಕು. ಕೆಮ್ಮು ಬಂದರೆ ದಿಂಬನ್ನು ಹೊಟ್ಟೆಗೆ ಒತ್ತಿಹಿಡಿದು ಕೆಮ್ಮಬೇಕು.

ರಂಧ್ರದ ಕ್ರಮದಲ್ಲಿ ಹೆಚ್ಚಿನವರು ಮರುದಿನವೋ ಅದರ ಮರುದಿನವೋ ಮನೆಗೆ ಬರುತ್ತಾರೆ. ಕೊಯ್ದ ಕ್ರಮದಲ್ಲಿ ಇನ್ನೂ ಕೆಲವು ದಿನ. ನಮ್ಮ ಭಾಷಣದ ಅತ್ಯಂತ ಮುಖ್ಯವಾದ ಭಾಗ ಇಲ್ಲಿಂದ ಮುಂದಿನದು. ರೋಗಿ ಹೆಚ್ಚಾಗಿ ಹೆಂಗಸು, ಮನೆಯ ಕೆಲಸವೆಲ್ಲ ಆಕೆಯ ಮೇಲೆ ನಿಂತದ್ದು. ಹೊಟ್ಟೆಯ ಮೇಲೆ ನಾಲ್ಕು ಸಣ್ಣ ಪಟ್ಟಿಗಳಲ್ಲದೆ ಬೇರೇನೂ ಕಾಣುವುದಿಲ್ಲ. ನಡೆದಾಡುತ್ತಿದ್ದಾಳೆ, ಆದುದರಿಂದ ಗುಣವಾಗಿದ್ದಾಳೆಂದು ಮನೆಯವರು ಭಾವಿಸುತ್ತಾರೆ. ಆಕೆಯೂ ಹಾಗೆಯೇ ಭಾವಿಸುತ್ತಾಳೆ. ಮೂರನೆಯ ದಿನ ಬಾವಿಯಿಂದ ನೀರು ಸೇದುತ್ತಾಳೆ, ನಾಲ್ಕನೆಯ ದಿನ ಅನ್ನದ ಚರಿಗೆ ಇಳಿಸುತ್ತಾಳೆ, ಐದನೆಯ ದಿನ ಹಟ್ಟಿಗೆ ಹುಲ್ಲಿನ ಹೊರೆ ಹೊರುತ್ತಾಳೆ. ಚರ್ಮದ ಗಾಯ ಚಿಕ್ಕದಾದರೂ ಒಳಗೆ ಒಂದು ಅಂಗವನ್ನೇ ಬಿಡಿಸಿ ತೆಗೆದಿದ್ದಾರೆ; ಹೊಕ್ಕುಳ ಬಳಿಯ ರಂಧ್ರದ ಆಳದ ಹೊಲಿಗೆ ಗಟ್ಟಿಯಾಗುವ ಮುನ್ನ ಭಾರ ಎತ್ತಿದರೆ ಅಲ್ಲಿ ಅಂಡವಾಯುವಿನಂತೆ ಕರುಳು ಉಬ್ಬಿಕೊಳ್ಳುವ ಸಂಭವವಿದೆ. ಗಾಯ ಚಿಕ್ಕದಾದ ಮಾತ್ರಕ್ಕೆ ಶಸ್ತ್ರಚಿಕಿತ್ಸೆ ಚಿಕ್ಕದಲ್ಲ.

ಆದುದರಿಂದ ಸೋದರರೆ, ಗಂಡಸರನ್ನು ಉದ್ದೇಶಿಸಿ ಹೇಳುತ್ತೇವೆ: ಶಸ್ತ್ರಚಿಕಿತ್ಸೆಯ ದಿನವನ್ನು ಗೊತ್ತುಮಾಡುವಾಗಲೇ ಮುಂದಿನ ಎರಡು ವಾರ ನೀರು ಸೇದುವವರಾರು, ಅಡುಗೆ ಮಾಡುವವರಾರು, ದನಗಳನ್ನು ನೋಡಿಕೊಳ್ಳುವವರಾರು ಎಂಬುದನ್ನೂ ಗೊತ್ತುಮಾಡಿರಿ. ಐದು ಕಿಲೋ ಮೀರಿದ ಭಾರವನ್ನು ಎರಡು ವಾರವಾದರೂ ಎತ್ತಬಾರದು. ಹೊಟ್ಟೆ ಕೊಯ್ದಿದ್ದರೆ ಆರು ವಾರ. ಹಾಗೆಂದು ಮಲಗಿಯೇ ಇರಬೇಕೆಂದೂ ಅಲ್ಲ. ಅಂಗಳದಲ್ಲಿ ನಡೆಯಬಹುದು, ಕುಳಿತು ಮಾಡುವ ಹಗುರವಾದ ಕೆಲಸ ಮಾಡಬಹುದು. ಕಚೇರಿಗೆ ಹೋಗುವವರು, ಪಾಠ ಹೇಳುವವರು ಒಂದೆರಡು ವಾರಗಳಲ್ಲಿ ಕೆಲಸಕ್ಕೆ ಮರಳುತ್ತಾರೆ. ಅಡಕೆ ಮರ ಹತ್ತುವವರು, ಹೊರೆ ಹೊರುವವರು ವೈದ್ಯರನ್ನು ಕೇಳಿದ ಮೇಲೆಯೇ. ಸ್ಕೂಟರು ಕಾರುಗಳನ್ನು, ನೋವಿಲ್ಲದೆ ಥಟ್ಟನೆ ಬ್ರೇಕು ಒತ್ತಲು ಆಗುವವರೆಗೆ, ಮಂಪರು ತರುವ ನೋವಿನ ಮಾತ್ರೆ ನಿಲ್ಲುವವರೆಗೆ ನಡೆಸಬಾರದು.

ಗಾಯಕ್ಕೆ ಅರಿಶಿನ, ತೆಂಗಿನೆಣ್ಣೆ, ಸೊಪ್ಪಿನ ರಸ, ಬೂದಿ ಇವಾವುದನ್ನೂ ಹಚ್ಚಬಾರದು. ಒಣಗಿ ಸ್ವಚ್ಛವಾಗಿರುವುದೇ ಅದಕ್ಕೆ ಬೇಕಾದ ಔಷಧ. ಎಂದಿನಿಂದ ಸ್ನಾನ ಮಾಡಬಹುದೆಂದು ಬಿಡುಗಡೆಯಾಗುವಾಗಲೇ ಕೇಳಿಕೊಳ್ಳಿರಿ. ಹೆಚ್ಚಾಗಿ ಒಂದೆರಡು ದಿನಗಳಲ್ಲಿಯೇ ಅನುಮತಿ ಸಿಗುತ್ತದೆ. ಕೆರೆಯಲ್ಲಿ ಮುಳುಗುವುದು ಮಾತ್ರ ಗಾಯ ಪೂರ್ಣ ಮಾಯುವವರೆಗೆ ಬೇಡ.

ಪಥ್ಯದ ವಿಷಯದಲ್ಲಿ ನಮ್ಮವರ ಕಾಳಜಿ ಅತಿಯಾಗುತ್ತದೆ. ನೀರು ಕುಡಿದರೆ ಗಾಯ ಕೀವಾಗುತ್ತದೆ, ಬೇಳೆ ತಿಂದರೆ ನಂಜಾಗುತ್ತದೆ, ಇವೆಲ್ಲ ಆಧಾರವಿಲ್ಲದ ಮಾತುಗಳು. ಗಾಯ ಮಾಯಲು ಸಾರಜನಕದ ಆಹಾರ ಬೇಕು: ತೊಗರಿ, ಹೆಸರು ಬೇಳೆಗಳು, ಮಜ್ಜಿಗೆ, ತಿನ್ನುವವರಿಗೆ ಮೀನು, ಮೊಟ್ಟೆ. ಮೊದಲ ದಿನ ದ್ರವಾಹಾರ, ಮರುದಿನ ಕುಚ್ಚಲಕ್ಕಿ ಗಂಜಿ, ತೆಳ್ಳಗಿನ ಸಾರು, ಬೇಯಿಸಿದ ತರಕಾರಿ, ಹೀಗೆ ಕ್ರಮವಾಗಿ ನಿತ್ಯದ ಊಟಕ್ಕೆ ಬರಬಹುದು. ಮೊದಲ ಕೆಲವು ವಾರ ಒಮ್ಮೆಗೆ ಸ್ವಲ್ಪವಾಗಿ, ದಿನಕ್ಕೆ ಹೆಚ್ಚು ಸಲ ಉಣ್ಣುವುದು ಒಳ್ಳೆಯದು. ಕರಿದ ತಿಂಡಿ, ತುಪ್ಪ, ಕಾಯಿಹಾಲಿನ ಪದಾರ್ಥಗಳನ್ನು ಮೊದಲಿಗೆ ಕಡಮೆ ಮಾಡಿ, ಬಳಿಕ ಮೈ ಒಗ್ಗಿದಂತೆ ಹೆಚ್ಚಿಸಬಹುದು. ಸುರಂಗದ ದೃಷ್ಟಾಂತವನ್ನು ನೆನೆದರೆ ಕಾರಣ ಸ್ಪಷ್ಟ: ತೊಟ್ಟಿಯಿಲ್ಲದ ತೋಟಕ್ಕೆ ಒಮ್ಮೆಗೇ ಪ್ರವಾಹ ಸಿಗದು, ಎಳೆನೀರು ಮಾತ್ರ. ಕೆಲವರಿಗೆ ಕೆಲವು ವಾರ ಮಲ ತೆಳ್ಳಗೆ ಹೋಗುವುದುಂಟು. ಹೆಚ್ಚಿನವರಲ್ಲಿ ಅದು ತಾನಾಗಿ ನಿಲ್ಲುತ್ತದೆ, ನಿಲ್ಲದಿದ್ದರೆ ಔಷಧವಿದೆ. ಜೀವಮಾನವಿಡೀ ಎಣ್ಣೆ ಬಿಟ್ಟು ಬದುಕಬೇಕೆಂಬ ನಿಯಮವಿಲ್ಲ.

ಆದರೆ ಕೆಲವು ಚಿಹ್ನೆಗಳು ಕಂಡರೆ ಹಗಲಿರುಳೆನ್ನದೆ ಆಸ್ಪತ್ರೆಗೆ ಹೊರಡಬೇಕು. 100.4 ಡಿಗ್ರಿ ಫ್ಯಾರನ್‌ಹೀಟ್‌ಗೆ ಮೀರಿದ ಜ್ವರ, ನಡುಗಿಸುವ ಚಳಿ, ಕಣ್ಣು ಹಳದಿಯಾಗುವುದು, ಮೂತ್ರ ಚಹದ ಬಣ್ಣಕ್ಕೆ ತಿರುಗಿ ಮಲ ಬೂದಿಯ ಬಣ್ಣಕ್ಕೆ ತಿರುಗುವುದು, ದಿನೇ ದಿನೇ ಇಳಿಯಬೇಕಾದ ಹೊಟ್ಟೆನೋವು ಏರುವುದು, ಹೊಟ್ಟೆ ಉಬ್ಬುವುದು, ನಿಲ್ಲದ ವಾಂತಿ, ಗಾಯದಿಂದ ಕೀವು ಅಥವಾ ಹಳದಿ ಹಸುರಿನ ರಸ ಒಸರುವುದು, ಏದುಸಿರು, ಒಂದು ಕಾಲಿನ ಮೀನಖಂಡ ಊದಿ ನೋಯುವುದು. ಇವುಗಳಲ್ಲಿ ಒಂದೇ ಇದ್ದರೂ ಸಾಕು. ಪಿತ್ತರಸ ಒಳಗೆ ಸೋರುತ್ತಿದ್ದರೆ, ನಾಳಕ್ಕೆ ತಡೆಯಾಗಿದ್ದರೆ ಬೇಗ ತಿಳಿದಷ್ಟೂ ಪರಿಹಾರ ಸುಲಭ. ‘ನಾಳೆ ಬೆಳಿಗ್ಗೆ ನೋಡೋಣ’ ಎಂಬ ಮಾತು ಇಲ್ಲಿ ಸಲ್ಲದು. ಕಣ್ಣು ಹಳದಿಯಾದಾಗ ಕಾಮಾಲೆಯ ನಾಟಿ ಮದ್ದಿಗೆ ಓಡುವ ನಮ್ಮ ಹಳೆಯ ರೂಢಿಯಂತೂ ಈ ಸಂದರ್ಭದಲ್ಲಿ ಅತ್ಯಂತ ಅಪಾಯಕರ.

ಕೊನೆಗೆ ಜನರು ಮರೆಯುವ ಒಂದು ಸಂಗತಿ. ತೆಗೆದ ಚೀಲವನ್ನು ಸೂಕ್ಷ್ಮದರ್ಶಕದ ಪರೀಕ್ಷೆಗೆ ಕಳುಹಿಸುತ್ತಾರೆ. ವರದಿ ಬರುವುದು ಕೆಲವು ದಿನಗಳ ಮೇಲೆ, ರೋಗಿ ಮನೆ ಸೇರಿದ ಬಳಿಕ. ಆ ವರದಿಯನ್ನು ತಂದು ವೈದ್ಯರಿಗೆ ತೋರಿಸಲೇಬೇಕು. ಪಿತ್ತಕೋಶದ ಅರ್ಬುದರೋಗವು ನಮ್ಮ ದೇಶದಲ್ಲಿ ಗಂಗಾ ಬಯಲಿನ ಕಡೆ ಹೆಚ್ಚು, ದಕ್ಷಿಣದಲ್ಲಿ ಕಡಮೆ. ಆದರೂ ವಿರಳವಾಗಿ ಕಲ್ಲಿಗೆಂದು ತೆಗೆದ ಚೀಲದಲ್ಲಿ ಅದು ಕಂಡುಬರುವುದುಂಟು. ವರದಿಯನ್ನು, ಬಿಡುಗಡೆಯ ಚೀಟಿಯನ್ನು, ಸ್ಕ್ಯಾನಿಂಗಿನ ಹಾಳೆಯನ್ನು ಒಂದೇ ಲಕೋಟೆಯಲ್ಲಿ ಜೋಪಾನವಾಗಿಡಿರಿ. ಹತ್ತು ವರ್ಷಗಳ ಬಳಿಕ ಬೇರೊಬ್ಬ ವೈದ್ಯರು ಕೇಳಿದಾಗ ಅದೇ ಆಧಾರ.

ಸಭಿಕರೆ, ಸಂಘದವರಲ್ಲಿ ನಮ್ಮದೊಂದು ವಿಜ್ಞಾಪನೆಯಿದೆ. ಒಂದೇ ಹಾಳೆಯ ಎರಡು ಮಗ್ಗುಲುಗಳಲ್ಲಿ, ಒಂದರಲ್ಲಿ ಆಸ್ಪತ್ರೆಗೆ ಹೋಗುವ ಮುನ್ನ ಬರೆದುಕೊಳ್ಳಬೇಕಾದುದನ್ನೂ ಕೇಳಬೇಕಾದುದನ್ನೂ, ಇನ್ನೊಂದರಲ್ಲಿ ಮನೆಗೆ ಬಂದ ಮೇಲೆ ಗಮನಿಸಬೇಕಾದ ಅಪಾಯಚಿಹ್ನೆಗಳನ್ನೂ ದೊಡ್ಡ ಕನ್ನಡ ಅಕ್ಷರಗಳಲ್ಲಿ ಅಚ್ಚುಹಾಕಿಸಿ ಮನೆಮನೆಗೆ ಹಂಚಬಾರದೇಕೆ? ವೆಚ್ಚ ಅಲ್ಪ. ನಮ್ಮ ಶಾಲೆಗಳಲ್ಲಿ ಕನ್ನಡ ಕಲಿತ ತಾಯಿಯೊಬ್ಬಳು ಅದನ್ನು ಗೋಡೆಗೆ ತೂಗಹಾಕಿ, ಜ್ವರ ಬಂದ ರಾತ್ರಿ ಓದಿ, ಹೊತ್ತಿಗೆ ಸರಿಯಾಗಿ ಆಸ್ಪತ್ರೆಗೆ ಹೊರಟರೆ, ಆಕೆ ಕಲಿತ ಅಕ್ಷರ ಆಕೆಯ ಪ್ರಾಣವನ್ನು ಕಾಯ್ದಂತಾಯಿತು.